ಶಾಬ್ಲಿ ಬಾಟಲಿ ಕೈಗೆ ಸಿಕ್ಕರೆ: ಆರಿಸೋದು, ತಣಿಸೋದು, ಯಾವುದರ ಜೊತೆ ತಿನ್ನೋದು

ಶಾಬ್ಲಿ ಅನ್ನುವ ಫ್ರೆಂಚ್ ವೈಟ್ ವೈನಿನ ನನ್ನ ಮೊದಲ ಬಾಟಲಿಯನ್ನು ಕೆಡಿಸಿದ್ದು ನಾನೇ. ಕೆಲಸದ ಮೇಲೆ ಪ್ಯಾರಿಸ್‌ನಲ್ಲಿದ್ದ ದಿನಗಳು. ಆಫೀಸಿನ ಹಿರಿಯರೊಬ್ಬರು ಮನೆಗೆ ಊಟಕ್ಕೆ ಬಂದಾಗ ಒಂದು ಬಾಟಲಿ ತಂದುಕೊಟ್ಟರು. ವೈಟ್ ವೈನ್ ತಣ್ಣಗಿರಬೇಕು ಅನ್ನೋದಷ್ಟೇ ನನಗೆ ಗೊತ್ತಿತ್ತು, ಹಾಗಾಗಿ ಸೀದಾ ಫ್ರೀಜರ್‌ಗೆ ತುರುಕಿದೆ. ಊಟಕ್ಕೆ ಸೀಗಡಿ ಘೀ ರೋಸ್ಟ್ ಮಾಡಿದ್ದೆ, ಊರಿಂದ ತಂದ ಬ್ಯಾಡಗಿ ಮೆಣಸಿನಕಾಯಿ ಧಾರಾಳವಾಗಿ ಹಾಕಿ. ಮೊದಲ ಗುಟುಕು ನಿಂಬೆಹಣ್ಣು ಹಿಂಡಿದ ಐಸ್ ನೀರಿನ ಹಾಗಿತ್ತು. ಎರಡನೆಯ ಗುಟುಕಿಗೆ ನಾಲಿಗೆಯ ಉರಿ ಇನ್ನೂ ಜಾಸ್ತಿಯಾಯಿತು. ಅವರು ಪಾಪ ಸುಮ್ಮನೆ ನಕ್ಕರು. ಎರಡು ವಾರ ಬಿಟ್ಟು ತಮ್ಮ ಮನೆಗೆ ಕರೆದು, ಅದೇ ವೈನನ್ನು, ಅದೇ ಲೇಬಲ್ಲಿನದ್ದನ್ನು, ಒಂದು ತಟ್ಟೆ ಆಯ್ಸ್ಟರ್ (ಸಮುದ್ರದ ಒಂದು ಜಾತಿಯ ಚಿಪ್ಪು) ಜೊತೆ ಕೊಟ್ಟರು. ಆಗ ಗೊತ್ತಾಯಿತು, ಆವತ್ತು ನಾನು ಕುಡಿದದ್ದು ಶಾಬ್ಲಿಯನ್ನಲ್ಲ, ನನ್ನ ಫ್ರೀಜರನ್ನು.

ಆ ರಾತ್ರಿ ಅವರು ಹೇಳಿಕೊಟ್ಟ ಒಂದೇ ಸೂತ್ರ ಇವತ್ತಿಗೂ ನನ್ನ ಕೈ ಬಿಟ್ಟಿಲ್ಲ. ಯಾವ ತಿನಿಸಿನ ಮೇಲೆ ನಿಂಬೆಹಣ್ಣು ಹಿಂಡಬೇಕು ಅನಿಸುತ್ತದೋ ಅದರ ಜೊತೆ ಶಾಬ್ಲಿ ಕುಡಿಯಿರಿ. ಇಷ್ಟೇ. ಇದಕ್ಕೆ ಒಂದೆರಡು ಅಪವಾದ ಇವೆ, ಮುಂದೆ ಹೇಳುತ್ತೇನೆ.

ಮೊದಲು, ಇದೇನು ವೈನು

ಶಾಬ್ಲಿ ಒಂದು ಊರಿನ ಹೆಸರು. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಉತ್ತರದ ತುದಿಯಲ್ಲಿ, ಪ್ಯಾರಿಸ್‌ನಿಂದ ಸುಮಾರು 180 ಕಿ.ಮೀ. ದೂರದಲ್ಲಿ, ಸೆರೆನ್ ಅನ್ನುವ ಸಣ್ಣ ಹೊಳೆಯ ದಡದಲ್ಲಿದೆ. ಬರ್ಗಂಡಿ ವೈನಿನ ದೊಡ್ಡ ಊರು ಬೋನ್ ಇಲ್ಲಿಂದ ನೂರು ಕಿ.ಮೀ.ಗೂ ಜಾಸ್ತಿ ದೂರ. ಶಾಂಪೇನ್ ತೋಟಗಳೇ ಹತ್ತಿರ. ಹಾಗಾಗಿ ಚಳಿ ಜಾಸ್ತಿ, ದ್ರಾಕ್ಷಿ ನಿಧಾನವಾಗಿ ಹಣ್ಣಾಗುತ್ತದೆ, ಹುಳಿ ಉಳಿದುಕೊಳ್ಳುತ್ತದೆ. ದ್ರಾಕ್ಷಿ ಒಂದೇ ಜಾತಿ, ಶಾರ್ಡೊನೆ. ಬೇರೆ ಯಾವುದನ್ನೂ ಬೆರೆಸುವ ಹಾಗಿಲ್ಲ, ಶಾಬ್ಲಿ ಅಂತ ರೆಡ್ ವೈನ್ ಮಾಡುವ ಹಾಗೂ ಇಲ್ಲ.

ಶಾರ್ಡೊನೆ ಅಂದ ತಕ್ಷಣ ಕೆಲವರು ಮುಖ ಸಿಂಡರಿಸುತ್ತಾರೆ. ಅಮೆರಿಕದಲ್ಲಿರುವ ನಮ್ಮ ಜನ ಕ್ಯಾಲಿಫೋರ್ನಿಯಾದ ದಪ್ಪ, ಬೆಣ್ಣೆ ಬೆಣ್ಣೆಯಾದ, ವೆನಿಲ್ಲಾ ವಾಸನೆಯ ಶಾರ್ಡೊನೆ ಕುಡಿದು ಸಾಕಾಗಿರುತ್ತಾರೆ. ಆ ವೆನಿಲ್ಲಾ ದ್ರಾಕ್ಷಿಯದ್ದಲ್ಲ, ಹೊಸ ಓಕ್ ಮರದ ಪೀಪಾಯಿಯದ್ದು. ಶಾಬ್ಲಿಯಲ್ಲಿ ಬಹಳಷ್ಟು ವೈನು ಸ್ಟೀಲ್ ಟ್ಯಾಂಕಿನಲ್ಲೇ ತಯಾರಾಗುತ್ತದೆ. ಅದೇ ಹುಡುಗಿ, ಆದರೆ ಪೌಡರ್ ಲಿಪ್‌ಸ್ಟಿಕ್ ಏನೂ ಇಲ್ಲದೆ ತಲೆಸ್ನಾನ ಮಾಡಿ ಬಂದು ಕೂತ ಹಾಗೆ. ಅಮೆರಿಕದವರಿಗೆ ಇನ್ನೊಂದು ಮಾತು: ಅಲ್ಲಿ ಹಿಂದಿನಿಂದಲೂ ಅಗ್ಗದ ದೊಡ್ಡ ಜಗ್ಗು, ಡಬ್ಬಿ ವೈನುಗಳ ಮೇಲೆ ಶಾಬ್ಲಿ ಅಂತ ಬರೆದು ಮಾರುವ ಅಭ್ಯಾಸವಿತ್ತು, ಹಳೇ ಬ್ರಾಂಡುಗಳು ಈಗಲೂ ಕೆಲವು ಉಳಿದಿವೆ. ಅದಕ್ಕೂ ಈ ಊರಿಗೂ ಏನೇನೂ ಸಂಬಂಧವಿಲ್ಲ. ಲೇಬಲ್ಲಿನಲ್ಲಿ ಫ್ರಾನ್ಸ್ ಅಂತ ಇದೆಯಾ ನೋಡಿ, ಇಲ್ಲದಿದ್ದರೆ ವಾಪಸ್ ಇಡಿ.

ರುಚಿ ಹೇಗಿರುತ್ತದೆ? ಲೋಟವನ್ನು ಮೂಗಿನ ಹತ್ತಿರ ತಂದರೆ ಹಸಿರು ಸೇಬು, ನಿಂಬೆ ಸಿಪ್ಪೆ, ಒಂಚೂರು ಬಿಳಿ ಹೂವಿನ ವಾಸನೆ. ಅದರ ಹಿಂದೆ ಇನ್ನೊಂದು ಇರುತ್ತದೆ, ಅದನ್ನು ವೈನ್ ಬಲ್ಲವರು ಮಿನರಲ್ ಅನ್ನುತ್ತಾರೆ. ನನಗೆ ಆ ಪದ ಕೇಳಿದರೆ ನೀರಿನ ಬಾಟಲಿ ನೆನಪಾಗುತ್ತದೆ, ಅಷ್ಟೇ. ನಾನು ಹೇಳುವುದು ಬೇರೆ. ಒಂದನೇ ಕ್ಲಾಸಿನಲ್ಲಿ ಸ್ಲೇಟು ಒರೆಸಲು ಬೆರಳಿಗೆ ಎಂಜಲು ಹಚ್ಚಿ ಉಜ್ಜುತ್ತಿದ್ದೆವಲ್ಲ, ಆ ಒದ್ದೆ ಸ್ಲೇಟಿನ ವಾಸನೆ. ಕದ್ದು ಬಳಪ ತಿಂದವರಿಗಂತೂ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹಬ್ಬಕ್ಕೆ ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ನೀರು ಚಿಮುಕಿಸಿದರೆ ಬರುವ ವಾಸನೆಯೂ ಇದೇ ಕುಟುಂಬದ್ದು. ಬಾಯಿಗೆ ಹಾಕಿಕೊಂಡರೆ ಸಿಹಿ ಇಲ್ಲ, ಹುಳಿ ನೆಟ್ಟಗೆ ನಿಂತಿರುತ್ತದೆ, ನುಂಗಿದ ಮೇಲೆ ಬಾಯಲ್ಲಿ ಉಪ್ಪಿನ ಛಾಯೆ ಉಳಿದು ಇನ್ನೊಂದು ಗುಟುಕು ಕೇಳುತ್ತದೆ. ಆಲ್ಕೋಹಾಲ್ ಸಾಮಾನ್ಯವಾಗಿ 12ರಿಂದ 13 ಪರ್ಸೆಂಟ್.

ಈ ಸುಣ್ಣದ ಮಾತು ಬರೀ ಕಲ್ಪನೆಯಲ್ಲ, ಅಲ್ಲಿಯ ನೆಲವೇ ಸುಣ್ಣಕಲ್ಲು ಮತ್ತು ಜೇಡಿ ಮಣ್ಣಿನದ್ದು. ಸುಮಾರು 15 ಕೋಟಿ ವರ್ಷದ ಹಿಂದೆ ಅಲ್ಲಿ ಸಮುದ್ರವಿತ್ತು. ತೋಟದಲ್ಲಿ ಒಂದು ಕಲ್ಲು ಎತ್ತಿಕೊಂಡು ನೋಡಿದರೆ ಉಗುರಿನಷ್ಟು ದೊಡ್ಡ, ಅಲ್ಪವಿರಾಮದ ಹಾಗೆ ಬಾಗಿದ ಚಿಪ್ಪುಗಳು ಕಲ್ಲಿನ ತುಂಬ ಅಂಟಿಕೊಂಡಿರುತ್ತವೆ. ಅವು ಸತ್ತು ಕಲ್ಲಾದ ಪುಟಾಣಿ ಆಯ್ಸ್ಟರ್‌ಗಳು. ಈ ನೆಲವನ್ನು ಕಿಮರಿಡ್ಜಿಯನ್ ಅನ್ನುತ್ತಾರೆ, ಇಂಗ್ಲೆಂಡಿನ ಕಿಮರಿಡ್ಜ್ ಅನ್ನುವ ಹಳ್ಳಿಯ ಹೆಸರು ಅದು. ಆಯ್ಸ್ಟರ್ ಚಿಪ್ಪಿನ ಮೇಲೆ ಬೆಳೆದದ್ದರಿಂದಲೇ ಆಯ್ಸ್ಟರ್‌ಗೆ ಹೊಂದುತ್ತದೆ ಅಂತ ಅಂಗಡಿಯವರು ಕಥೆ ಕಟ್ಟುತ್ತಾರೆ. ಕೇಳಲು ಚೆಂದ. ಆದರೆ ಬೇರು ಕಲ್ಲಿನ ರುಚಿಯನ್ನು ಹೀರಿ ದ್ರಾಕ್ಷಿಗೆ ಸಾಗಿಸುವುದಿಲ್ಲ. ಹೊಂದುವುದು ಹುಳಿಯಿಂದ. ಕಥೆ ಹೇಳಿ ಹತ್ತು ಯೂರೋ ಜಾಸ್ತಿ ಕೇಳಿದರೆ ನಕ್ಕು ಬಿಡಿ.

ಯಾವ ಬಾಟಲಿ ಎತ್ತಿಕೊಳ್ಳಬೇಕು

ಲೇಬಲ್ಲಿನಲ್ಲಿ ಕೆಳಗಿನಿಂದ ಮೇಲಕ್ಕೆ ನಾಲ್ಕು ದರ್ಜೆ ಇವೆ. ಪೆತಿ ಶಾಬ್ಲಿ, ಶಾಬ್ಲಿ, ಶಾಬ್ಲಿ ಪ್ರೆಮಿಯೇ ಕ್ರೂ, ಶಾಬ್ಲಿ ಗ್ರಾಂ ಕ್ರೂ. ಪೆತಿ ಅಂದರೆ ಚಿಕ್ಕದು ಅಂತ ಅರ್ಥ, ಬಾಟಲಿ ಚಿಕ್ಕದಲ್ಲ! ಗುಡ್ಡದ ನೆತ್ತಿಯಲ್ಲಿ, ಬೇರೆ ಗಟ್ಟಿ ಸುಣ್ಣಕಲ್ಲಿನ ಮೇಲೆ ಬೆಳೆದದ್ದು. ಹಗುರ, ಖಾರವಿಲ್ಲದ ಕುರುಕಲಿನ ಜೊತೆ ಸಂಜೆಗೆ ಸಾಕು, ಒಂದೆರಡು ವರ್ಷದೊಳಗೆ ಕುಡಿದು ಮುಗಿಸಿ. ಬರೀ ಶಾಬ್ಲಿ ಅಂತಿರುವುದು ಎಲ್ಲಕ್ಕಿಂತ ಜಾಸ್ತಿ ಸಿಗುವಂಥದ್ದು. ಹೊಸಬರು ಇಲ್ಲಿಂದ ಶುರು ಮಾಡಿ.

ಪ್ರೆಮಿಯೇ ಕ್ರೂ ಅಂದರೆ ಹೆಸರಿರುವ ಒಳ್ಳೆಯ ಇಳಿಜಾರುಗಳು, ಒಟ್ಟು 40 ಹೆಸರು. ನನ್ನ ಪ್ರಕಾರ ದುಡ್ಡಿಗೆ ನಿಜವಾದ ಬೆಲೆ ಸಿಗುವುದು ಇಲ್ಲೇ. ಎಲ್ಲ ಹೆಸರು ಬಾಯಿಪಾಠ ಮಾಡಬೇಕಾಗಿಲ್ಲ, ಹೊಳೆಯ ಯಾವ ದಡ ಅನ್ನೋದು ಗೊತ್ತಿದ್ದರೆ ಅರ್ಧ ಕೆಲಸ ಆಯಿತು. ಎಡದಂಡೆಯ ವಾಯೋಂ, ಮೋಂಮೇನ್, ಕೋತ್ ದ ಲೆಷೆ ಸ್ವಲ್ಪ ಚೂಪು, ತೆಳ್ಳಗೆ, ಹುಳಿ ಮುಂದೆ. ಬಲದಂಡೆಯ ಫೂರ್‌ಶೋಮ್ ದುಂಡಗೆ, ಮೈ ತುಂಬಿಕೊಂಡಿರುತ್ತದೆ. ಮೋಂತೇ ದ ತೊನೇರ್ ಗ್ರಾಂ ಕ್ರೂ ಗುಡ್ಡದ ಪಕ್ಕದ್ದೇ, ನಡುವೆ ಒಂದು ಸಣ್ಣ ಕಣಿವೆ ಅಷ್ಟೇ. ಒಂದೇ ಒಂದು ಪ್ರೆಮಿಯೇ ಕ್ರೂ ಕೊಳ್ಳುವುದಾದರೆ ನಾನು ಇದನ್ನೇ ಎತ್ತಿಕೊಳ್ಳುತ್ತೇನೆ.

ಗ್ರಾಂ ಕ್ರೂ ಎಲ್ಲಾ ಒಂದೇ ಗುಡ್ಡ. ಊರಿನ ಎದುರಿಗೆ, ಹೊಳೆಯ ಬಲದಂಡೆಯಲ್ಲಿ, ನೈರುತ್ಯಕ್ಕೆ ಮುಖ ಮಾಡಿಕೊಂಡು ದಿನವಿಡೀ ಬಿಸಿಲು ಕಾಯಿಸುವ ಗುಡ್ಡ, ಸುಮಾರು 100 ಹೆಕ್ಟೇರ್. ಅದರಲ್ಲಿ ಏಳು ಹೆಸರು: ಬೂಗ್ರೊ, ಪ್ರೋಜ್, ವೋದೆಜಿರ್, ಗ್ರನೂಯ್, ವಾಲ್ಮ್ಯೂರ್, ಲೆ ಕ್ಲೊ, ಬ್ಲಾಂಶೊ. ಗ್ರನೂಯ್ ಅಂದರೆ ಕಪ್ಪೆಗಳು, ಹೊಳೆಯ ಪಕ್ಕದ ಜಾಗ ನೋಡಿ, ಅದಕ್ಕೇ. ಅತಿ ಚಿಕ್ಕದು ಅದೇ, ಅತಿ ದೊಡ್ಡದು ಲೆ ಕ್ಲೊ. ಗ್ರಾಂ ಕ್ರೂ ಕೊಂಡು ಅದೇ ವಾರ ತೆರೆದರೆ ಮಾತ್ರ ನಿರಾಸೆ ಖಂಡಿತ. ಎಳೆಯದರಲ್ಲಿ ಅದು ಬಾಯೇ ಬಿಡುವುದಿಲ್ಲ. ಏಳೆಂಟು ವರ್ಷ ಬಿಟ್ಟರೆ ಜೇನು, ಒಣಹುಲ್ಲು, ಅಣಬೆ, ಹುರಿದ ಬಾದಾಮಿ ಹೀಗೆ ಒಂದೊಂದಾಗಿ ಹೊರಗೆ ಬರುತ್ತವೆ, ಆದರೆ ಆ ಹುಳಿಯ ಬೆನ್ನೆಲುಬು ಹಾಗೇ ಇರುತ್ತದೆ. ಒಳ್ಳೆಯ ತೋಟದ್ದು 15 ವರ್ಷವೂ ಆರಾಮಾಗಿ ಬದುಕುತ್ತದೆ. ಪ್ರೆಮಿಯೇ ಕ್ರೂಗೆ ಐದರಿಂದ ಹತ್ತು, ಸಾದಾ ಶಾಬ್ಲಿಗೆ ಎರಡರಿಂದ ಐದು ವರ್ಷ ಅಂತ ಲೆಕ್ಕ ಇಟ್ಟುಕೊಳ್ಳಿ.

ಮಾಡುವವರ ಹೆಸರು ದರ್ಜೆಯಷ್ಟೇ ಮುಖ್ಯ. ರಾವೆನೋ ಮತ್ತು ವಿನ್ಸೆಂಟ್ ದೋವಿಸಾ ಹಳೇ ಓಕ್ ಪೀಪಾಯಿ ಬಳಸುತ್ತಾರೆ. ಮರದ ವಾಸನೆಗಾಗಿ ಅಲ್ಲ, ವೈನು ನಿಧಾನವಾಗಿ ಉಸಿರಾಡಲಿ ಅಂತ. ಆ ಊರಿನ ಸಾಂಪ್ರದಾಯಿಕ ಪೀಪಾಯಿ 132 ಲೀಟರಿನದ್ದು, ಅದಕ್ಕೆ ಫಯೆತ್ ಅನ್ನುತ್ತಾರೆ. ಈ ಇಬ್ಬರ ಬಾಟಲಿ ನಮ್ಮಂಥವರ ಕೈಗೆ ಸಿಗುವುದು ಮದುವೆಮನೆಯಲ್ಲಿ ಮೊದಲ ಪಂಕ್ತಿ ಸಿಕ್ಕಷ್ಟೇ ಅಪರೂಪ, ಸಿಕ್ಕರೂ ಬೆಲೆ ಕೇಳಿ ಎದ್ದು ಬರಬೇಕು. ಲೂಯಿ ಮಿಷೆಲ್ ಅವರದ್ದು ಪೂರ್ತಿ ಸ್ಟೀಲು, ಮರ ಮುಟ್ಟಿಸುವುದೇ ಇಲ್ಲ. ಸುಣ್ಣ, ನಿಂಬೆ ಏನು ಅಂತ ಕಲಿಯಲು ಇದು ಒಳ್ಳೆಯ ಪಾಠ. 1923ರಲ್ಲಿ ಶುರುವಾದ ಲಾ ಶಾಬ್ಲಿಸಿಯೆನ್ ಅನ್ನುವ ರೈತರ ಸಹಕಾರ ಸಂಘದ ವೈನು ಬೇಕಾದಷ್ಟು ಕಡೆ ಸಿಗುತ್ತದೆ. ನಮ್ಮ ಹಾಲಿನ ಡೇರಿಯ ಹಾಗೆ ಅನ್ನಿ, ಸದಸ್ಯರು ತಂದು ಹಾಕುತ್ತಾರೆ, ಸಂಘ ವೈನು ಮಾಡಿ ಮಾರುತ್ತದೆ. ಗುಣಮಟ್ಟಕ್ಕೆ ಮೋಸವಿಲ್ಲ. ವಿಯೆಯ್ ವಿಞ್ ಅಂತ ಬರೆದಿದ್ದರೆ ಹಳೇ ಬಳ್ಳಿಯ ದ್ರಾಕ್ಷಿ ಅಂತ ಅರ್ಥ, ಆದರೆ ಎಷ್ಟು ವರ್ಷಕ್ಕೆ ಬಳ್ಳಿ ಹಳೆಯದಾಗುತ್ತದೆ ಅನ್ನೋದಕ್ಕೆ ಕಾನೂನೇನೂ ಇಲ್ಲ.

ಬೆಲೆ ಯಾಕೆ ವರ್ಷದಿಂದ ವರ್ಷಕ್ಕೆ ಏರುತ್ತದೆ ಅಂತ ಕೇಳಿದರೆ ಉತ್ತರ ಏಪ್ರಿಲ್ ತಿಂಗಳಲ್ಲಿದೆ. ಬಳ್ಳಿ ಚಿಗುರುವ ಹೊತ್ತಿಗೆ ರಾತ್ರಿ ಶೂನ್ಯಕ್ಕಿಂತ ಕೆಳಗಿಳಿದರೆ ಚಿಗುರು ಸುಟ್ಟುಹೋಗುತ್ತದೆ. ಒಂದು ಸಲ ಏಪ್ರಿಲ್‌ನಲ್ಲಿ ಅಲ್ಲಿಗೆ ಹೋದಾಗ ಬೆಳಗಿನ ಜಾವ ನಾಲ್ಕಕ್ಕೆ ಕಿಟಕಿ ತೆರೆದರೆ ಎದುರಿನ ಗುಡ್ಡದ ತುಂಬ ದೀಪ. ಲಕ್ಷದೀಪೋತ್ಸವವೇ ಸರಿ ಅಂದುಕೊಂಡೆ. ಬಳ್ಳಿಗಳ ಸಾಲಿನ ನಡುವೆ ಬಕೆಟ್ಟಿನಷ್ಟು ದೊಡ್ಡ ಮೇಣದ ಡಬ್ಬಿಗಳನ್ನು ಹಚ್ಚಿಟ್ಟು ಗಾಳಿ ಬೆಚ್ಚಗಾಗಿಸುತ್ತಿದ್ದರು. ಇನ್ನೊಂದು ಉಪಾಯ ಕೇಳಿದರೆ ಕೊಡಗಿನವರಿಗೆ ನಗು ಬರಬಹುದು. ನಾವು ಕಾಫಿಗೆ ಹೂವು ಬರಲಿ ಅಂತ ಸ್ಪ್ರಿಂಕ್ಲರ್ ಬಿಡುತ್ತೇವೆ, ಅವರು ಹಿಮಗಟ್ಟುವ ರಾತ್ರಿಯಲ್ಲಿ ಬಿಡುತ್ತಾರೆ. ನೀರು ಚಿಗುರಿನ ಮೇಲೆ ಬಿದ್ದು ಐಸಾಗುತ್ತದೆ, ಹಾಗೆ ಗಟ್ಟಿಯಾಗುವಾಗ ನೀರು ಶಾಖ ಬಿಟ್ಟುಕೊಡುತ್ತದೆ, ಅದರಿಂದ ಐಸಿನ ಒಳಗಿರುವ ಚಿಗುರು ಶೂನ್ಯದ ಆಸುಪಾಸಿನಲ್ಲೇ ಉಳಿದು ಬದುಕುತ್ತದೆ. ನೀರು ಮಧ್ಯದಲ್ಲಿ ನಿಂತರೆ ಕಥೆ ಮುಗಿಯಿತು. 2016, 2017, 2021ರಲ್ಲಿ ಈ ಚಳಿ ಬೆಳೆಯನ್ನು ಚೆನ್ನಾಗಿ ತಿಂದಿತು. 2024ರ ಮೇ 1ರಂದು ಆಲಿಕಲ್ಲು ಬೇರೆ. ಒಂದು ಕಾಲದಲ್ಲಿ ಬಳ್ಳಿಯ ಬೇರು ತಿನ್ನುವ ಫಿಲಾಕ್ಸೆರಾ ಹುಳ, ದಕ್ಷಿಣದ ಅಗ್ಗದ ವೈನನ್ನು ಪ್ಯಾರಿಸ್‌ಗೆ ಹೊತ್ತು ತಂದ ರೈಲು, ಎರಡು ಮಹಾಯುದ್ಧ, ಇವೆಲ್ಲ ಸೇರಿ 1950ರ ದಶಕದಲ್ಲಿ ಇಲ್ಲಿ 500 ಹೆಕ್ಟೇರ್ ಆಸುಪಾಸು ತೋಟ ಮಾತ್ರ ಉಳಿದಿತ್ತು. ಈಗ 5,800 ಹೆಕ್ಟೇರ್ ಹತ್ತಿರ ಇದೆ.

ವರ್ಷ ನೋಡಿ ಕೊಳ್ಳುವವರಿಗೆ ಎರಡೇ ಮಾತು. 2018, 2019, 2022 ಬಿಸಿಲಿನ ವರ್ಷಗಳು, ವೈನು ಸ್ವಲ್ಪ ಮೈದುಂಬಿದೆ, ಹುಳಿ ಮೃದು. 2014, 2017, 2021 ಹಳೇ ಕಾಲದ ಶಾಬ್ಲಿಯ ಹಾಗೆ ಚೂಪು. ಹುಳಿ ಇಷ್ಟವಿಲ್ಲದವರು ಮೊದಲ ಗುಂಪು ಹುಡುಕಿ. ನನಗೆ ಎರಡನೆಯದೇ ಇಷ್ಟ.

ಬೆಂಗಳೂರಿನಲ್ಲಿ ಆಮದು ಸುಂಕ, ಅಬಕಾರಿ ಎಲ್ಲ ಸೇರಿ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ವಿದೇಶದಿಂದ ಬರುವವರು ಸುಂಕವಿಲ್ಲದೆ ಎರಡು ಲೀಟರ್‌ವರೆಗೆ ಮದ್ಯ ತರಬಹುದು, ಅಂದರೆ 750 ಎಂ.ಎಲ್.ನ ಎರಡು ಬಾಟಲಿ. ತಮ್ಮ ಬರುತ್ತಾನೆ ಅಂದರೆ ಚಾಕೊಲೇಟ್ ಬದಲು ಇದನ್ನು ಹೇಳಿ ಕಳಿಸಿ. ಅಂಗಡಿಯಲ್ಲೇ ಕೊಳ್ಳುವುದಾದರೆ ಬಾಟಲಿ ಎಲ್ಲಿತ್ತು ನೋಡಿ. ಒಂದು ಅಂಗಡಿಯಲ್ಲಿ ಗಾಜಿನ ಶೋಕೇಸಿನಲ್ಲಿ, ಮಧ್ಯಾಹ್ನದ ಬಿಸಿಲು ಸೀದಾ ಬೀಳುವ ಜಾಗದಲ್ಲಿ ನಿಲ್ಲಿಸಿದ್ದ ಪ್ರೆಮಿಯೇ ಕ್ರೂ ಕೊಂಡು ತಂದೆ, ಡಿಸ್ಕೌಂಟ್ ಆಸೆಗೆ. ಬಣ್ಣ ತುಪ್ಪದ ಹಾಗೆ ಹಳದಿಯಾಗಿತ್ತು, ರುಚಿ ಕೊಳೆತ ಸೇಬು. ಎಳೇ ಶಾಬ್ಲಿಯ ಬಣ್ಣ ತಿಳಿ ಹಳದಿ, ಅಂಚಿನಲ್ಲಿ ಹಸಿರು ಮಿಂಚು ಇರಬೇಕು.

ತಣಿಸೋದು, ಸುರಿಯೋದು

ಮನೆ ಫ್ರಿಡ್ಜು 4 ಡಿಗ್ರಿ ಆಸುಪಾಸು ಇರುತ್ತದೆ. ಅಷ್ಟು ತಣ್ಣಗಾದರೆ ವಾಸನೆ ಸತ್ತುಹೋಗಿ ಬರೀ ಹುಳಿ ಉಳಿಯುತ್ತದೆ, ನನ್ನ ಫ್ರೀಜರ್ ಕಥೆ ಅದೇ. ಪೆತಿ ಶಾಬ್ಲಿ 8 ಡಿಗ್ರಿ, ಶಾಬ್ಲಿ ಮತ್ತು ಪ್ರೆಮಿಯೇ ಕ್ರೂ 10–11, ಗ್ರಾಂ ಕ್ರೂ 12ರಿಂದ 14. ಥರ್ಮಾಮೀಟರ್ ಬೇಡ. ಫ್ರಿಡ್ಜಿನಿಂದ ತೆಗೆದು ಸಾದಾ ಶಾಬ್ಲಿಯನ್ನು ಕಾಲು ಗಂಟೆ, ಒಳ್ಳೆಯದನ್ನು ಅರ್ಧ ಗಂಟೆ ಹೊರಗಿಡಿ. ಅರ್ಜೆಂಟಿದ್ದರೆ ಬಕೆಟ್ಟಿಗೆ ಐಸು ಮತ್ತು ನೀರು ಎರಡೂ ಹಾಕಿ ಬಾಟಲಿ ಮುಳುಗಿಸಿ, 20 ನಿಮಿಷ ಸಾಕು. ಬರೀ ಐಸು ಹಾಕಿದರೆ ತಡವಾಗುತ್ತದೆ, ಗಾಜಿಗೆ ಐಸು ತಾಗುವುದು ಅಲ್ಲೊಂದು ಇಲ್ಲೊಂದು ಕಡೆ ಅಲ್ವಾ. ಲೋಟದೊಳಗೆ ಐಸು ಹಾಕಬೇಡಿ, ದಯವಿಟ್ಟು.

ಲೋಟದಲ್ಲಿ ಮೂರನೇ ಒಂದು ಭಾಗ ಮಾತ್ರ ಸುರಿಯಿರಿ, ಉಳಿದ ಜಾಗ ವಾಸನೆಗೆ. ಎಳೇ ಗ್ರಾಂ ಕ್ರೂ ತೆರೆಯಲೇಬೇಕಾದ ಪ್ರಸಂಗ ಬಂದರೆ ಅಗಲ ಬಾಯಿಯ ಗಾಜಿನ ಜಗ್ಗಿಗೆ ಸುರಿದು ಅರ್ಧ ಮುಕ್ಕಾಲು ಗಂಟೆ ಬಿಡಿ. ತಳದಲ್ಲಿ ಕಲ್ಲುಸಕ್ಕರೆ ಪುಡಿಯಂಥ ಹರಳು ಕಂಡರೆ ಹೆದರಬೇಡಿ. ನಾನು ಒಂದು ಸಲ ಗಾಜಿನ ಚೂರು ಅಂದುಕೊಂಡು ಬಾಟಲಿ ಹಿಡಿದುಕೊಂಡು ಅಂಗಡಿಗೆ ಓಡಿದ್ದೆ, ಅವರು ನಗು ತಡೆದುಕೊಂಡು ವಿವರಿಸಿದರು. ದ್ರಾಕ್ಷಿಯ ಹುಳಿ ಚಳಿಗೆ ಹರಳಾಗುತ್ತದೆ, ಅಷ್ಟೇ. ವಾಪಸ್ ಕೊಡಬೇಕಾದದ್ದು ಬೇರೆ: ಒದ್ದೆ ರಟ್ಟು, ಮಳೆಗೆ ನೆನೆದ ಗೋಣಿಚೀಲದ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ.

ಈಗ ತಿನ್ನುವ ವಿಷಯ

ಸೂತ್ರ ನೆನಪಿದೆ ಅಲ್ವಾ, ನಿಂಬೆಹಣ್ಣು. ಯಾಕೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಯಾರನ್ನೂ ಕೇಳದೆ ನೀವೇ ಜೋಡಿ ಹುಡುಕಬಹುದು. ಮಾವಿನಕಾಯಿಗೆ ಉಪ್ಪು ಹಚ್ಚಿ ತಿನ್ನುವುದು ಯಾಕೆ? ಉಪ್ಪು ಹುಳಿಯ ಚೂಪನ್ನು ತಗ್ಗಿಸುತ್ತದೆ, ಹಣ್ಣಿನ ರುಚಿ ಮುಂದೆ ಬರುತ್ತದೆ. ಶಾಬ್ಲಿಗೂ ಅದೇ. ಉಪ್ಪಿನ ತಿಂಡಿ ತಿಂದು ಒಂದು ಗುಟುಕು ಕುಡಿದರೆ ವೈನು ಇದ್ದಕ್ಕಿದ್ದ ಹಾಗೆ ದುಂಡಗಾಗುತ್ತದೆ. ಇನ್ನು ಬೆಣ್ಣೆ, ಕೆನೆ, ಕರಿದದ್ದು ಬಾಯಲ್ಲಿ ಜಿಡ್ಡು ಕಟ್ಟಿದಾಗ ಹುಳಿ ಅದನ್ನು ತೊಳೆದು ಹಾಕುತ್ತದೆ. ಉಪ್ಪು ಮತ್ತು ಜಿಡ್ಡು, ಇವೆರಡು ಶಾಬ್ಲಿಯ ನೆಂಟರು.

ಸಿಹಿ ಮತ್ತು ಖಾರ ಶತ್ರುಗಳು. ಜಿಲೇಬಿ ತಿಂದ ಮೇಲೆ ಕಾಫಿ ಸಪ್ಪೆ ಕಹಿ ಆಗುತ್ತದಲ್ಲ, ಹಾಗೆ ಸಿಹಿಯ ಮುಂದೆ ಶಾಬ್ಲಿ ಬರೀ ಹುಳಿನೀರು. ಖಾರ ಆಲ್ಕೋಹಾಲಿನ ಉರಿಯನ್ನು ಎಬ್ಬಿಸುತ್ತದೆ. ಇವೇ ನಾನು ಹೇಳಿದ ಅಪವಾದಗಳು: ಚಿಕನ್ ಸುಕ್ಕಾ ಮೇಲೆ ನಿಂಬೆಹಣ್ಣು ಹಿಂಡುತ್ತೇವೆ ನಿಜ, ಆದರೆ ಖಾರ ಇದ್ದರೆ ಸೂತ್ರ ನಡೆಯುವುದಿಲ್ಲ.

ಆಯ್ಸ್ಟರ್ ಮೊದಲು. ಚಿಪ್ಪು ತೆರೆದು ಹಸಿಯಾಗಿ, ಅದರದ್ದೇ ಉಪ್ಪುನೀರಿನ ಜೊತೆ ಬಾಯಿಗೆ ಸುರಿದುಕೊಳ್ಳುವುದು. ಮೊದಲ ಸಲ ನನಗೂ ಕಷ್ಟವಾಯಿತು, ಮರುವಾಯಿ ಸುಕ್ಕಾ ತಿಂದು ಬೆಳೆದವನಿಗೆ ಬೇಯಿಸದ ಚಿಪ್ಪು ಅಂದರೆ ಹೇಗೆ. ಕಣ್ಣು ಮುಚ್ಚಿ ನುಂಗಿದೆ. ಸಮುದ್ರದಲ್ಲಿ ಮುಳುಗಿ ಬಾಯಿ ತೆರೆದ ಹಾಗೆ. ತಕ್ಷಣ ಒಂದು ಗುಟುಕು ಶಾಬ್ಲಿ, ಉಪ್ಪು ಸರಿದು ಸಣ್ಣ ಸಿಹಿ ಬಂತು, ಆ ಸಿಹಿ ಆಯ್ಸ್ಟರಿನದ್ದೋ ವೈನಿನದ್ದೋ ಹೇಳಲಾಗಲಿಲ್ಲ. ಫ್ರೆಂಚರು ಈರುಳ್ಳಿ ಹಾಕಿದ ವಿನೆಗರ್ ಇಡುತ್ತಾರೆ, ಅದನ್ನು ಪಕ್ಕಕ್ಕೆ ಸರಿಸಿ. ವೈನೇ ಇದೆಯಲ್ಲ. ಇದಕ್ಕೆ ಗ್ರಾಂ ಕ್ರೂ ತೆರೆಯುವುದು ದಂಡ, ಪೆತಿ ಶಾಬ್ಲಿ ಅಥವಾ ಸಾದಾ ಎಳೇ ಶಾಬ್ಲಿಯೇ ಸರಿ.

ಮೀನಿನಲ್ಲಿ ಬಿಳಿ ಮಾಂಸದ್ದು, ಬೆಣ್ಣೆಯಲ್ಲಿ ಹುರಿದದ್ದು ಅತ್ಯುತ್ತಮ. ಸೋಲ್ ಮೀನನ್ನು ಮೈದಾದಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಕೆಂಪಗೆ ಹುರಿದು ಮೇಲೆ ನಿಂಬೆರಸ ಹಾಕುವ ಮ್ಯೂನಿಯೇರ್ ಅನ್ನುವ ಅಡುಗೆ ಇದೆ, ಅದರ ಜೊತೆ ಪ್ರೆಮಿಯೇ ಕ್ರೂ ಕುಡಿದರೆ ಆವತ್ತು ಬೇರೇನೂ ಬೇಡ. ಮೀನಿಗೆ ರೆಡ್ ವೈನ್ ಯಾಕೆ ಹೊಂದುವುದಿಲ್ಲ ಗೊತ್ತಾ? ರೆಡ್‌ನಲ್ಲಿ ಹೆಚ್ಚಾಗಿರುವ ಕಬ್ಬಿಣದಂಶ ಮೀನಿನ ಎಣ್ಣೆಯ ಜೊತೆ ಸೇರಿ ಹಸಿ ನಾತ ಎಬ್ಬಿಸುತ್ತದೆ. ಸುಶಿ, ಸಾಶಿಮಿ ಕೂಡ ಸೊಗಸು, ವಸಾಬಿ ಕಡಿಮೆ ಇರಲಿ. ಗ್ರಾಂ ಕ್ರೂಗೆ ಲಾಬ್‌ಸ್ಟರ್, ಬೆಣ್ಣೆಯಲ್ಲಿ ಹುರಿದ ಸ್ಕ್ಯಾಲಪ್ ಅನ್ನುವ ಚಿಪ್ಪಿನ ಮಾಂಸ, ಇಲ್ಲವೇ ಕೆನೆ ಮತ್ತು ಅಣಬೆ ಹಾಕಿದ ಕೋಳಿ. ಬರೀ ಉಪ್ಪು ಮೆಣಸು ಹಚ್ಚಿ ಓವನ್ನಿನಲ್ಲಿ ಸುಟ್ಟ ಕೋಳಿಗೆ ಫೂರ್‌ಶೋಮ್ ಬಹಳ ಒಳ್ಳೆಯ ಜೋಡಿ, ಭಾನುವಾರದ ಊಟಕ್ಕೆ ನಾನು ಹೆಚ್ಚಾಗಿ ಇದನ್ನೇ ಮಾಡುವುದು.

ಊರಿನವರೇ ಏನು ತಿನ್ನುತ್ತಾರೆ? ಬೆಳ್ಳುಳ್ಳಿ ಬೆಣ್ಣೆಯಲ್ಲಿ ಬೇಯಿಸಿದ ಬಸವನಹುಳು. ಶಾಬ್ಲಿ ವೈನು, ಕೆನೆ, ಟೊಮೆಟೊ ಸಾಸಿನಲ್ಲಿ ಮಾಡಿದ ಹ್ಯಾಮ್. ಮತ್ತೆ ಆಂದುಯೆತ್, ಹಂದಿಯ ಕರುಳಿನ ಸಾಸೇಜು. ಅದರ ವಾಸನೆಗೆ ಪಕ್ಕದ ಟೇಬಲ್ಲಿನ ಪ್ರವಾಸಿಗಳು ಎದ್ದು ಹೋದದ್ದನ್ನು ನಾನೇ ನೋಡಿದ್ದೇನೆ. ನಮ್ಮಲ್ಲಿ ಬೋಟಿ ಗೊಜ್ಜು ತಿನ್ನುವವರಿಗೆ ಅದೇನೂ ದೊಡ್ಡದಲ್ಲ. ಆ ಕೊಬ್ಬು, ಆ ಗಾಢ ವಾಸನೆಯ ನಡುವೆ ಶಾಬ್ಲಿ ಕಿಟಕಿ ತೆರೆದ ಹಾಗಿರುತ್ತದೆ.

ಸಸ್ಯಾಹಾರಿಗಳು ಇಲ್ಲಿವರೆಗೆ ಓದಿದ್ದರೆ ತಾಳ್ಮೆಗೆ ಶರಣು. ನಿಮಗೆ ಚೀಸ್ ಇದೆ. ಹತ್ತಿರದ ಊರಿನ ಶಾವೂರ್ಸ್ ಅನ್ನುವ ಬಿಳಿ ಮೆತ್ತನೆ ಚೀಸ್, ಮೇಲೆ ಅಣಬೆ ವಾಸನೆ, ಒಳಗೆ ಬೆಣ್ಣೆಮುದ್ದೆ, ಉಪ್ಪುಪ್ಪು. ಆಡಿನ ಹಾಲಿನ ಚೀಸ್ ಯಾವುದಾದರೂ ಸರಿ. ವಯಸ್ಸಾದ ಗ್ರಾಂ ಕ್ರೂ ಇದ್ದರೆ ಕೋಂತೆ ಅನ್ನುವ ಗಟ್ಟಿ ಚೀಸ್. ಫ್ರಾನ್ಸಿನ ಬಹಳಷ್ಟು ಚೀಸುಗಳಿಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಕೆಲವು ವೈನುಗಳನ್ನು ತಿಳಿ ಮಾಡಲು ಮೊಟ್ಟೆಯ ಬಿಳಿ, ಮೀನಿನ ಅಂಶ ಬಳಸುವುದೂ ಉಂಟು. ಕಟ್ಟುನಿಟ್ಟಿನವರು ವಿಚಾರಿಸಿ ಕೊಳ್ಳಿ.

ಮೊಟ್ಟೆ ತಿನ್ನುವವರಾದರೆ ಗೂಜೇರ್ ಅನ್ನುವ ಉಬ್ಬಿದ ಚೀಸ್ ಉಂಡೆ ಮಾಡಿ, ಬರ್ಗಂಡಿಯಲ್ಲಿ ವೈನು ರುಚಿ ನೋಡಲು ಹೋದರೆ ಮೊದಲು ಕೈಗೆ ಕೊಡುವುದು ಇದನ್ನೇ. 250 ಎಂ.ಎಲ್. ನೀರಿಗೆ 100 ಗ್ರಾಂ ಬೆಣ್ಣೆ, ಚಿಟಿಕೆ ಉಪ್ಪು ಹಾಕಿ ಕುದಿಸಿ. ಕುದಿ ಬಂದಾಗ 150 ಗ್ರಾಂ ಮೈದಾ ಒಟ್ಟಿಗೆ ಸುರಿದು, ರಾಗಿ ಮುದ್ದೆ ತಿರುವಿದ ಹಾಗೆ ಜೋರಾಗಿ ತಿರುವಿ, ತಳ ಬಿಡುವವರೆಗೆ. ಇಳಿಸಿ, ಸ್ವಲ್ಪ ಆರಿದ ಮೇಲೆ ನಾಲ್ಕು ಮೊಟ್ಟೆ ಒಂದೊಂದಾಗಿ ಹಾಕಿ ಕಲಸಿ. ಬಿಸಿಯಲ್ಲೇ ಹಾಕಿದರೆ ಬುರ್ಜಿಯಾಗುತ್ತದೆ, ಹುಷಾರು. ತುರಿದ ಚೀಸ್ 150 ಗ್ರಾಂ, ಗ್ರುಯೇರ್ ಸಿಗದಿದ್ದರೆ ಚೆಡ್ಡಾರ್. ಚಮಚದಲ್ಲಿ ನೆಲ್ಲಿಕಾಯಿ ಗಾತ್ರಕ್ಕೆ ಟ್ರೇ ಮೇಲೆ ಇಟ್ಟು 200 ಡಿಗ್ರಿಯಲ್ಲಿ 25 ನಿಮಿಷ. ಮಧ್ಯದಲ್ಲಿ ಓವನ್ ಬಾಗಿಲು ತೆರೆದರೆ ಉಬ್ಬಿದ್ದೆಲ್ಲ ಕುಸಿಯುತ್ತದೆ. ಬಿಸಿಬಿಸಿ ತಿನ್ನಿ, ಒಂದು ಕೈಯಲ್ಲಿ ಗೂಜೇರ್, ಇನ್ನೊಂದರಲ್ಲಿ ಶಾಬ್ಲಿ.

ನಮ್ಮ ಅಡುಗೆಗೆ ಹೊಂದುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಹುಣಸೆಹುಳಿ, ಖಾರ ಇರುವ ಯಾವುದಕ್ಕೂ ಇಲ್ಲ. ಸಾಂಬಾರು, ಪುಳಿಮುಂಚಿ, ಗೋಬಿ ಮಂಚೂರಿ, ಯಾವುದೂ ಬೇಡ, ಅವಕ್ಕೆ ಬಿಯರೇ ಸರಿ. ಆದರೆ ಕಾಣೆ ಮೀನಿಗೆ ಉಪ್ಪು, ಅರಿಸಿನ, ನಿಂಬೆರಸ ಮಾತ್ರ ಹಚ್ಚಿ, ಮೆಣಸಿನಪುಡಿ ಬಿಟ್ಟು ಅಥವಾ ಹೆಸರಿಗೆ ಒಂದು ಚಿಟಿಕೆ ಹಾಕಿ, ರವೆಯಲ್ಲಿ ಹೊರಳಿಸಿ ಗರಿಗರಿಯಾಗಿ ಕಾಯಿಸಿದರೆ ಅಬ್ಬಾ! ನಮ್ಮ ಅತ್ತಿಗೆ ಇದನ್ನು ಪಥ್ಯದ ಮೀನು ಅಂತ ಗೇಲಿ ಮಾಡುತ್ತಾರೆ, ಆದರೆ ವೈನ್ ಜೊತೆ ಎರಡು ತುಂಡು ಜಾಸ್ತಿ ತಿನ್ನುವುದೂ ಅವರೇ. ಉಪ್ಪಿನಲ್ಲಿ ಹುರಿದ ಗೋಡಂಬಿ, ಚಟ್ನಿ ಇಲ್ಲದ ಬಿಸಿ ಉದ್ದಿನ ವಡೆ, ಬೆಣ್ಣೆಯಲ್ಲಿ ಬಾಡಿಸಿದ ಅಣಬೆಗೆ ಕಾಳುಮೆಣಸು, ಇವೆಲ್ಲ ನಾನು ಮಾಡಿ ನೋಡಿದ್ದು, ನಡೆಯುತ್ತವೆ. ಮೈಸೂರುಪಾಕಿನ ಜೊತೆ ಒಬ್ಬರು ಕುಡಿದು ನನ್ನನ್ನು ಬೈದರು. ತಪ್ಪು ನನ್ನದಲ್ಲ.

ಅಡುಗೆಗೆ ಹಾಕುವುದಾದರೆ ಪೆತಿ ಶಾಬ್ಲಿ ಹಾಕಿ, ಬೆಂಕಿಯ ಮೇಲೆ ಎಲ್ಲ ದರ್ಜೆಯೂ ಒಂದೇ. ಉಳಿದ ಬಾಟಲಿಗೆ ಕಾರ್ಕ್ ಒತ್ತಿ ಫ್ರಿಡ್ಜಿನಲ್ಲಿ ನಿಲ್ಲಿಸಿಡಿ, ಮೂರು ನಾಲ್ಕು ದಿನ ಕೆಡುವುದಿಲ್ಲ. ಎಳೇ ಪ್ರೆಮಿಯೇ ಕ್ರೂ ಮಾತ್ರ ಮಾರನೇ ದಿನವೇ ಇನ್ನೂ ಚೆನ್ನಾಗಿರುತ್ತದೆ, ಅದಕ್ಕೇ ನಾನು ನೆಂಟರು ಹೋದ ಮೇಲೆ ಒಂದು ಲೋಟದಷ್ಟು ಬಾಗಿಲಿನ ಮೂಲೆಯಲ್ಲಿ, ಮಜ್ಜಿಗೆ ಪಾಕೆಟ್ಟಿನ ಹಿಂದೆ, ಮುಚ್ಚಿಡುತ್ತೇನೆ.